ಇಳಿವಯಸ್ಸಿನ ಸಾಮು



ಹುಮನಾಬಾದಿಗೂ ಬಸವಕಲ್ಯಾಣಕ್ಕೂ ನಡುವಣ ಒಂದು ಚಿಕ್ಕ ಸಭೆಯಲ್ಲಿ ಕಳೆದ ಮಳೆಗಾಲದಲ್ಲಿ ಒಂದು ಪ್ರಶ್ನೆ ಎದ್ದಿತು. ಆ ಸಭೆಯ ಹಿರಿಯರೊಬ್ಬರು, ಎಪ್ಪತ್ತು ದಾಟಿದವರು, ದಿನಾಲು ಬೆಳಕು ಹರಿಯುವದಕ್ಕೆ ಮುಂಚೆ ಪ್ರಾರ್ಥನಾಲಯದ ಹಿಂದಿನ ಬಯಲಿನಲ್ಲಿ ನಿಂತು ಲಾಠಿ ತಿರುಗಿಸುತ್ತಾರೆ. ಮೊದಲು ಕೆಲವು ಬೈಠಕ್ಕುಗಳು, ಆಮೇಲೆ ಬಡಿಗೆ, ಕಡೆಗೆ ಕಣ್ಣು ಮುಚ್ಚಿ ಪ್ರಾರ್ಥನೆ. ಇದು ಅವರ ಕ್ರಮ. ಎರಡು ಮೂರು ಹುಡುಗರು ಅವರನ್ನು ನೋಡಿ ತಾವೂ ಬರತೊಡಗಿದ ಮೇಲೆ ಸಭೆಯಲ್ಲಿ ಗುಸುಗುಸು ಹುಟ್ಟಿತು. ದೇಹಸಾಧನೆಯು ಅಲ್ಪಪ್ರಯೋಜನವೆಂದು ಅಪೊಸ್ತಲನು ತಿಮೊಥೇಯನಿಗೆ ಬರೆದಿಲ್ಲವೇ ಎಂದು ಒಬ್ಬರು ಕೇಳಿದರು. ಎಡಗೆನ್ನೆಯನ್ನೂ ತೋರಿಸಬೇಕಾದವನು ಹೊಡೆಯುವ ವಿದ್ಯೆಯನ್ನು ಯಾಕೆ ಕಲಿಯಬೇಕೆಂದು ಮತ್ತೊಬ್ಬರು. ಸಮಾಧಿಯ ಅಂಚಿನಲ್ಲಿರುವವರಿಗೆ ಪೈಲವಾನರಾಗುವ ಆಸೆ ಯಾಕೆ ಎಂದು ಇನ್ನು ಕೆಲವರು ನಕ್ಕರು. ವಿಚಾರಿಸಿ ಹೇಳುವ ಕೆಲಸವು ನನ್ನ ಪಾಲಿಗೆ ಬಂತು. ಆ ವಿಚಾರಣೆಯಲ್ಲಿ ನಾನು ಕಂಡದ್ದನ್ನೂ ಆಲೋಚಿಸಿದ್ದನ್ನೂ ಇಲ್ಲಿ ಬರೆಯುತ್ತೇನೆ. ಯಾಕಂದರೆ ಇಂಥ ಪ್ರಶ್ನೆ ಬೇರೆ ಸಭೆಗಳಲ್ಲಿಯೂ ಏಳಬಹುದು.

ನಮ್ಮ ಸೀಮೆಗೆ ಮಲ್ಲವಿದ್ಯೆ ಹೊಸದಲ್ಲ. ಇಂದಿನ ಬಸವಕಲ್ಯಾಣವು ಚಾಲುಕ್ಯರ ರಾಜಧಾನಿಯಾಗಿದ್ದ ಕಾಲದಲ್ಲಿ, ಅಂದರೆ 1126ರಿಂದ 1138ರ ವರೆಗೆ ಆಳಿದ ಮೂರನೆಯ ಸೋಮೇಶ್ವರನು ಮಾನಸೋಲ್ಲಾಸವೆಂಬ ದೊಡ್ಡ ಸಂಸ್ಕೃತ ಗ್ರಂಥವನ್ನು ರಚಿಸಿದನು. ನೂರು ಅಧ್ಯಾಯಗಳುಳ್ಳ ಆ ಗ್ರಂಥದಲ್ಲಿ ಮಲ್ಲವಿನೋದವೆಂಬದೂ ಒಂದು. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ಇವುಗಳ ಪ್ರಕಾರ ಹೇಗೆ ವಿಂಗಡಿಸಬೇಕು, ಅವರು ಯಾವ ಯಾವ ಸಾಧನೆ ಮಾಡಬೇಕು, ಅರಮನೆಯಿಂದ ಅವರಿಗೆ ಬೇಳೆ, ಮಾಂಸ, ಹಾಲು, ಸಕ್ಕರೆ ಹೇಗೆ ಸಲ್ಲಬೇಕು ಎಂಬದೆಲ್ಲಾ ಅದರಲ್ಲಿದೆ. ಅಂದಿನಿಂದ ಎಂಟುನೂರು ವರುಷಗಳಿಗೂ ಹೆಚ್ಚು ಕಾಲ ಕಳೆದರೂ ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ಗರಡಿಮನೆ, ತಾಲೀಮು, ವಸ್ತಾದ ಎಂಬ ಮಾತುಗಳು ಸತ್ತಿಲ್ಲ. ಜಾತ್ರೆ ಬಂದರೆ ಚಿಕ್ಕ ಹುಡುಗರು ತೆಂಗಿನಕಾಯಿಗಾಗಿ ಹಿಡಿಯುವ ಕುಸ್ತಿಯಿಂದ ಮೊದಲಾಗಿ ಬೆಳ್ಳಿಯ ಕಡಗದ ಕುಸ್ತಿಯ ವರೆಗೆ ಜನರು ಸುತ್ತುಗಟ್ಟಿ ನಿಲ್ಲುತ್ತಾರೆ.

ಆದರೆ ಆ ಅಧ್ಯಾಯದ ಹೆಸರನ್ನು ಗಮನಿಸಿರಿ. ಅದು ವಿನೋದ. ಅರಸನಿಗೆ ಮಲ್ಲನು ನೋಡಿ ಸಂತೋಷಪಡತಕ್ಕ ಒಂದು ವಸ್ತು. ಲಾಯದ ಕುದುರೆಯನ್ನು ಹಲ್ಲು ನೋಡಿ ಬೆಲೆಕಟ್ಟುವಂತೆ ಅವನಿಗೂ ಬೆಲೆ. ಜಾತ್ರೆಯ ಜನರ ಕಣ್ಣೂ ಹಾಗೆಯೇ. ತೋಳು ತುಂಬಿರುವ ತನಕ ಚಪ್ಪಾಳೆ, ತೋಳು ಜೋತ ಮೇಲೆ ಯಾರೂ ಇಲ್ಲ. ನಾನು ಬಲ್ಲ ಒಬ್ಬಿಬ್ಬರು ಹಳೆಯ ಪೈಲವಾನರು ಮನೆಯ ಕಟ್ಟೆಯ ಮೇಲೆ ಕೂತು ಹಿಂದಿನ ಡಾವುಗಳನ್ನು ಎಣಿಸುತ್ತಾ ಮೈಬೆಳೆಸಿಕೊಂಡು ಉಬ್ಬಸಪಡುತ್ತಿದ್ದದ್ದನ್ನು ಕಂಡಿದ್ದೇನೆ. ನೋಡುವವರಿಗಾಗಿ ಮಾಡಿದ ಸಾಮು ನೋಡುವವರು ಹೋದ ದಿನ ನಿಂತುಹೋಗುತ್ತದೆ. ಹಾಗಾದರೆ ನೋಡುವವರಿಲ್ಲದ ಹೊತ್ತಿನಲ್ಲಿ ಎಪ್ಪತ್ತು ದಾಟಿದ ಈ ಮುತ್ಯಾ ಯಾಕೆ ಬಡಿಗೆ ಹಿಡಿಯುತ್ತಾರೆ?

ಒಂದು ಬೆಳಿಗ್ಗೆ ಹೋಗಿ ಗೋಡೆಯ ಬದಿಯಲ್ಲಿ ಕೂತು ನೋಡಿದೆನು. ನಮ್ಮ ಕೆಂಪು ಜಂಬಿಟ್ಟಿಗೆಯ ನೆಲದ ಮೇಲೆ ಅವರು ಸುಣ್ಣದಿಂದ ಒಂದು ಗೆರೆ ಎಳೆದಿದ್ದರು. ಆ ಗೆರೆಯ ಮೇಲೆ ಎಡಗಾಲಿಟ್ಟು, ಹುಬ್ಬಿನೆತ್ತರದ ಬಿದಿರಿನ ಬಡಿಗೆಯನ್ನು ಎರಡು ಕೈಯಲ್ಲಿ ಹಿಡಿದು, ಒಂದೇ ಒಂದು ತಡೆಯನ್ನೂ ಅದರ ಹಿಂದಿನ ಒಂದೇ ಏಟನ್ನೂ ಮಾಡಿದರು. ಮಾಡಿ ನಿಂತರು, ಕಾಲನ್ನು ನೋಡಿಕೊಂಡರು, ಹೆಬ್ಬೆರಳು ಗೆರೆಯಿಂದ ಸರಿದಿದ್ದರೆ ಮತ್ತೆ ಮೊದಲಿನಿಂದ. ಹೀಗೆ ಸುಮಾರು ನಲವತ್ತು ಸಾರಿ. ನಾನು ಬೇಸರಪಟ್ಟೆನೆಂದು ಒಪ್ಪಿಕೊಳ್ಳುತ್ತೇನೆ. ಗಾಳಿಯಲ್ಲಿ ಗಿರಗಿರನೆ ತಿರುಗುವ ಲಾಠಿಯನ್ನು ನೋಡುವೆನೆಂದು ನಾನು ಹೋಗಿದ್ದೆನು.

"ಮುತ್ಯಾ, ಇದನ್ನು ನೀವು ಎಷ್ಟು ವರುಷದಿಂದ ಮಾಡುತ್ತೀರಿ?" ಎಂದು ಕೇಳಿದೆನು.

"ಐವತ್ತೈದು ವರ್ಷ ಆದವು, ಅಯ್ಯನವರೇ. ಆದರೆ ಅದರಾಗ ನಲವತ್ತೆಂಟು ವರ್ಷ ತಪ್ಪು ಮಾಡಿದೆ," ಅಂದರು.

ವಿವರವನ್ನು ಅವರೇ ಹೇಳಿದರು. ಯೌವನದಲ್ಲಿ ಅವರ ಏಟು ಭುಜದಿಂದ ಹುಟ್ಟುತ್ತಿತ್ತು. ಭುಜದಲ್ಲಿ ಬಲವಿದ್ದದರಿಂದ ಅದು ತಪ್ಪೆಂದು ಅವರಿಗೂ ತಿಳಿಯಲಿಲ್ಲ, ಎದುರಿನವರಿಗೂ ತಿಳಿಯಲಿಲ್ಲ. ಅರವತ್ತನಾಲ್ಕನೆಯ ವಯಸ್ಸಿನಲ್ಲಿ ಭುಜವು ಹಿಡಿದುಕೊಂಡು ಕೈಯೆತ್ತಲು ಆಗದೆ ಹೋದಾಗ, ಅವರು ಬಡಿಗೆಯನ್ನು ಬಿಟ್ಟುಬಿಡುವ ಬದಲು ಬಹಳ ಮೆಲ್ಲಗೆ ತಿರುಗಿಸಿ ನೋಡತೊಡಗಿದರು. ಹಾಗೆ ನೋಡುವಾಗ ಏಟು ಹುಟ್ಟಬೇಕಾದದ್ದು ಹಿಂಗಾಲಿನ ಹಿಮ್ಮಡಿಯಲ್ಲಿ, ಅಲ್ಲಿಂದ ಸೊಂಟಕ್ಕೆ, ಸೊಂಟದಿಂದ ಕೈಗೆ ಬರಬೇಕು ಎಂಬದು ತಿಳಿಯಿತಂತೆ. ಅವರ ವಸ್ತಾದರು ಹುಡುಗತನದಲ್ಲಿಯೇ ಅದನ್ನು ಹೇಳಿದ್ದರು. ಕಿವಿ ಕೇಳಿತ್ತು, ಕಾಲು ಕೇಳಿರಲಿಲ್ಲ. "ತಾಕತ್ತು ಇರೋ ತನಕ ತಪ್ಪು ಮುಚ್ಚಿಕೊಂಡಿತ್ತು. ತಾಕತ್ತು ಹೋದ ಮ್ಯಾಲ ಅದು ಹೊರಗ ಬಂತು," ಎಂದು ಅವರು ಹೇಳಿದ ಮಾತು ನನ್ನನ್ನು ಮನೆಯ ತನಕ ಹಿಂಬಾಲಿಸಿತು. ಮೂವತ್ತು ವರುಷದಿಂದ ಪ್ರಸಂಗ ಮಾಡುತ್ತಾ ಬಂದಿರುವ ನಾನು ನನ್ನ ಗಂಟಲಿನ ಬಲದಿಂದ ಎಷ್ಟು ತಪ್ಪುಗಳನ್ನು ಮುಚ್ಚಿದ್ದೇನೋ!

ಪೌಲನ ಮಾತಿಗೆ ಬರೋಣ. ದೇಹಸಾಧನೆಯು ಸ್ವಲ್ಪಮಟ್ಟಿಗೆ ಪ್ರಯೋಜನವೆಂದು ಅವನು ಹೇಳಿದನೇ ಹೊರತು ನಿಷ್ಪ್ರಯೋಜನವೆಂದು ಹೇಳಲಿಲ್ಲ. ಭಕ್ತಿಯ ಸಾಧನೆಯ ಪಕ್ಕದಲ್ಲಿಟ್ಟು ಅಳೆದಾಗ ಅದು ಸ್ವಲ್ಪ. ಅದೇ ಪತ್ರಿಕೆಯಲ್ಲಿ ತಿಮೊಥೇಯನ ಹೊಟ್ಟೆಯ ಬೇನೆಗೆ ಮದ್ದನ್ನೂ ಸೂಚಿಸುವವನು ದೇಹವನ್ನು ತಿರಸ್ಕರಿಸುವವನಾಗಿರಲಿಲ್ಲ. ಕೊರಿಂಥ ಪಟ್ಟಣದ ಸಮೀಪದಲ್ಲಿ ಎರಡು ವರುಷಕ್ಕೊಮ್ಮೆ ಗ್ರೀಕರ ದೊಡ್ಡ ಪಂದ್ಯಗಳು ನಡೆಯುತ್ತಿದ್ದವು; ಗೆದ್ದವನಿಗೆ ಸಿಗುತ್ತಿದ್ದದ್ದು ಬಾಡಿಹೋಗುವ ಒಂದು ಎಲೆಯ ಕಿರೀಟ. ಆ ಊರಿನ ಸಭೆಗೆ ಬರೆಯುವಾಗ ಪೌಲನು ಓಡುವವನನ್ನೂ ಮುಷ್ಟಿಯುದ್ಧ ಮಾಡುವವನನ್ನೂ ನೆನಸಿ, ತಾನು ಗಾಳಿಯನ್ನು ಗುದ್ದುವವನಲ್ಲವೆಂದು ಸೂಚಿಸುತ್ತಾನೆ. ಗುರಿಯಿಲ್ಲದ ಶ್ರಮವನ್ನು ಅವನು ಹಳಿಯುತ್ತಾನೆ, ಶ್ರಮವನ್ನಲ್ಲ. ಕುಸ್ತಿಯ ಕಣವನ್ನು ನೋಡದವನು ಆ ಮಾತನ್ನು ಬರೆಯಲಾರನೆಂದು ನನಗೆ ತೋರುತ್ತದೆ.

ವಯಸ್ಸಿನ ವಿಷಯದಲ್ಲಿ ನಕ್ಕವರಿಗೆ ಉತ್ತರ ಕೊಡುವದು ಕಷ್ಟವಲ್ಲ. ಎಂಭತ್ತೈದು ವರುಷದ ಕಾಲೇಬನು ಯೆಹೋಶುವನ ಮುಂದೆ ನಿಂತು ಬೆಟ್ಟದ ಸೀಮೆಯನ್ನೇ ಕೇಳಿದನು. ವೈದ್ಯರೂ ಈಗ ಕಾಲೇಬನ ಪಕ್ಷದಲ್ಲಿಯೇ ಇದ್ದಾರೆ. ನಡುವಯಸ್ಸು ದಾಟಿದ ಮೇಲೆ ಸ್ನಾಯುಗಳು ವರುಷವರುಷಕ್ಕೆ ಕರಗುತ್ತವೆ, ಅರವತ್ತರ ಮೇಲೆ ಇನ್ನೂ ಬೇಗ. ಆದರೆ ಸಾಧನೆಗೆ ಅವು ಕೊನೆಯ ತನಕ ಓಗೊಡುತ್ತವೆ. ಅಮೇರಿಕದ ಬೋಸ್ಟನ್ ಪಟ್ಟಣದಲ್ಲಿ ವೃದ್ಧಾಶ್ರಮವಾಸಿಗಳಾದ ಸುಮಾರು 90 ವಯಸ್ಸಿನ ಕೆಲವರಿಗೆ ಎಂಟು ವಾರ ಭಾರವೆತ್ತುವ ಸಾಧನೆ ಮಾಡಿಸಿ ನೋಡಲಾಗಿ, ಅವರ ಕಾಲಿನ ಬಲವು ಸರಾಸರಿ ಎರಡೂವರೆ ಪಟ್ಟನ್ನು ಮೀರಿತೆಂದು 1990ರಲ್ಲಿ ಪ್ರಕಟವಾಯಿತು. ನಮ್ಮ ಮುದುಕರು ಬಚ್ಚಲಲ್ಲಿ ಬಿದ್ದು ತೊಡೆಯ ಎಲುಬು ಮುರಿದುಕೊಂಡು ಹಾಸಿಗೆ ಹಿಡಿಯುವದನ್ನು ಕಾಣುವ ನಾವು ಇದನ್ನು ಚಿಕ್ಕ ಸಂಗತಿಯೆಂದು ಎಣಿಸಬಾರದು. ಇಪ್ಪತ್ತರ ಹುಡುಗನೊಡನೆ ಪಂತ ಕಟ್ಟಿ ಐನೂರು ದಂಡ ಹೊಡೆಯಹೋಗುವ ಮುದುಕನ ಮಾತು ಬೇರೆ. ಅವನಿಗೆ ನಾನು ವಕೀಲನಲ್ಲ.

ಗಾಮಾ ಎಂದು ಪ್ರಸಿದ್ಧನಾದ ಗುಲಾಮ್ ಮುಹಮ್ಮದನ ಕಥೆಯನ್ನು ನಮ್ಮ ಹಳೆಯ ತಾಲೀಮುಗಳಲ್ಲಿ ಹೇಳದವರಿಲ್ಲ. 1910ರ ಸೆಪ್ಟೆಂಬರದಲ್ಲಿ ಲಂಡನ್ ಪಟ್ಟಣದಲ್ಲಿ ಅವನು ಪೋಲೆಂಡಿನ ಜ್ಬಿಸ್ಕೋ ಎಂಬ ಮಲ್ಲನನ್ನು ಎದುರಿಸಿದನು. ಜ್ಬಿಸ್ಕೋ ನೆಲಕ್ಕಂಟಿಕೊಂಡು ಮಲಗಿ ಎರಡು ತಾಸಿಗೂ ಮೀರಿ ತನ್ನನ್ನು ಕಾಪಾಡಿಕೊಂಡದ್ದರಿಂದ ಅಂದು ನಿರ್ಣಯವಾಗಲಿಲ್ಲ. ಹದಿನೆಂಟು ವರುಷಗಳ ಮೇಲೆ, 1928ರಲ್ಲಿ, ಪಟಿಯಾಲದಲ್ಲಿ ಅವರಿಬ್ಬರೂ ಮತ್ತೆ ಕೂಡಿದಾಗ ಇಬ್ಬರಿಗೂ ಸುಮಾರು ಐವತ್ತು ವಯಸ್ಸು. ಅಂದು ಒಂದು ನಿಮಿಷವೂ ಹಿಡಿಯಲಿಲ್ಲ, ಗಾಮಾ ಗೆದ್ದನು. ಯೌವನದ ಬಲವು ಎರಡು ತಾಸಿನಲ್ಲಿ ಮಾಡಲಾರದ್ದನ್ನು ಇಳಿವಯಸ್ಸಿನ ಕೈ ಕ್ಷಣದಲ್ಲಿ ಮಾಡಿತೆಂದು ವಸ್ತಾದರು ಶಿಷ್ಯರಿಗೆ ಹೇಳುತ್ತಾರೆ. ಜ್ಬಿಸ್ಕೋವಿಗೂ ಅಷ್ಟೇ ವಯಸ್ಸಾಗಿತ್ತೆಂಬದನ್ನು ಅವರು ಮರೆತುಬಿಡುತ್ತಾರೆ! ಆದರೂ ಮಾತಿನಲ್ಲಿ ಸತ್ಯವಿಲ್ಲದೆ ಇಲ್ಲ. ಕೇರಳದ ವಡಕರದ ಮೀನಾಕ್ಷಿ ಅಮ್ಮನವರು ಏಳನೆಯ ವಯಸ್ಸಿನಲ್ಲಿ ಕಳರಿಪಯಟ್ಟು ಕಲಿಯತೊಡಗಿ, ಎಪ್ಪತ್ತು ದಾಟಿದ ಮೇಲೆಯೂ ಸೀರೆಯುಟ್ಟೇ ಕೋಲು ಕತ್ತಿಗಳನ್ನು ಹಿಡಿದು ಕಲಿಸಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಕೊಡಲಾಯಿತು. ಗಂಡುಮಕ್ಕಳಿಗೆ ಮಾತ್ರ ಈ ವಿದ್ಯೆಯೆಂದು ತಿಳಿಯುವವರು ಆ ತಾಯಿಯನ್ನು ನೆನಸಲಿ.

ಇಷ್ಟಾದರೂ ಎರಡನೆಯ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ, ಮತ್ತು ನಿಜವಾದ ಪ್ರಶ್ನೆಯು ಅದೇ. ಹೊಡೆಯುವ ವಿದ್ಯೆ ಕ್ರಿಸ್ತನವನಿಗೆ ತಕ್ಕದ್ದೋ?

ಈ ಸೀಮೆಯಲ್ಲಿ ಬಡಿಗೆಯ ಹೆಸರು ಶುದ್ಧವಾಗಿಲ್ಲ. 1948ರ ಮೇ ತಿಂಗಳಿನಲ್ಲಿ ಬಸವಕಲ್ಯಾಣದ ಸೀಮೆಯ ಗೋರ್ಟಾ ಗ್ರಾಮದಲ್ಲಿ ರಜಾಕಾರರು ಅನೇಕರನ್ನು ಕೊಂದರು. ಅದೇ ವರುಷ ಸೆಪ್ಟೆಂಬರ 13ರಂದು ಭಾರತದ ಸೈನ್ಯವು ನಿಜಾಮನ ರಾಜ್ಯವನ್ನು ಪ್ರವೇಶಿಸಿ ಐದು ದಿನಗಳಲ್ಲಿ ಕೆಲಸ ಮುಗಿಸಿದ ಬಳಿಕ, ಈ ಸಾರಿ ಮುಸಲ್ಮಾನರ ಮನೆಗಳ ಮೇಲೆ ಸೇಡು ಬಿತ್ತು. ವಿಚಾರಣೆಗೆ ಬಂದ ಪಂಡಿತ ಸುಂದರಲಾಲರ ಸಮಿತಿಯು, ರಾಜ್ಯದಲ್ಲಿ ಸತ್ತವರು 27,000ದಿಂದ 40,000 ಇರಬಹುದೆಂದೂ, ಅತಿ ಹೆಚ್ಚಾಗಿ ನೊಂದವು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ್ ಜಿಲ್ಲೆಗಳೆಂದೂ ಬರೆಯಿತು. ಆ ಕಾಲದಲ್ಲಿ ಎದ್ದ ಬಡಿಗೆಗಳಲ್ಲಿ ತಾಲೀಮಿನಲ್ಲಿ ಪಳಗಿದವು ಇರಲಿಲ್ಲವೇ?

ಇದನ್ನು ನಾನು ಮುತ್ಯಾನನ್ನು ನೇರವಾಗಿ ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ತಮ್ಮ ವಸ್ತಾದರ ಸಂಗತಿಯನ್ನು ಹೇಳಿದರು. ಮುತ್ಯಾ ಹುಡುಗರಾಗಿದ್ದಾಗ ಊರ ಗರಡಿಯ ಹೊಸ್ತಿಲನ್ನು ನಮ್ಮ ಕೇರಿಯ ಮಕ್ಕಳು ದಾಟುವಂತಿರಲಿಲ್ಲ. 1950ರ ಸಂವಿಧಾನವು ಅಸ್ಪೃಶ್ಯತೆಯನ್ನು ತೆಗೆದುಹಾಕಿತ್ತು ನಿಜ; ಆದರೆ ಆ ಕಾಯಿದೆಯು ಗರಡಿಯ ಮಣ್ಣಿನ ತನಕ ಬರಲು ಬಹಳ ವರುಷ ಹಿಡಿಯಿತು. ಅವರು ಗೋಡೆಯ ಕಿಂಡಿಯಿಂದ ನೋಡಿ ಕಲಿಯುತ್ತಿದ್ದರು. ಅದನ್ನು ಕಂಡ ಒಬ್ಬ ಮುಸಲ್ಮಾನ ವಸ್ತಾದರು ಅವರನ್ನು ತಮ್ಮ ಹೊಲಕ್ಕೆ ಕರೆದು ಕಲಿಸಿದರು. ಆ ವಸ್ತಾದರಿಗೆ 1948ಕ್ಕೆ ಮುಂಚೆ ದೊಡ್ಡ ತಾಲೀಮು ಇತ್ತಂತೆ. ಆ ವರುಷದಲ್ಲಿ ಅವರ ಶಿಷ್ಯರಲ್ಲಿ ಇಬ್ಬರು ಗುಂಪಿನೊಡನೆ ಹೋದರು. ಯಾವ ಗುಂಪು ಎಂದು ಮುತ್ಯಾ ಹೇಳಲಿಲ್ಲ, ನಾನೂ ಕೇಳಲಿಲ್ಲ. ವಸ್ತಾದರು ತಾಲೀಮಿನ ಬಾಗಿಲು ಹಾಕಿಬಿಟ್ಟರು. ಬಹಳ ವರುಷ ಬಿಟ್ಟು ಮತ್ತೆ ಕಲಿಸಲು ಹೊರಟಾಗ ಒಂದು ಕಟ್ಟಳೆ ಮಾಡಿಕೊಂಡರು: ಮೊದಲನೆಯ ವರುಷವಿಡೀ ತಡೆ ಮಾತ್ರ, ಏಟು ಕಲಿಸುವದಿಲ್ಲ. ಒಂದು ವರುಷ ಬರೀ ತಡೆಯುತ್ತಾ ಇರಲು ಒಪ್ಪದವನು ಮನೆಗೆ ಹೋಗಬಹುದು. ಅನೇಕರು ಹೋದರು. ಹದಿನಾರು ವರುಷದ ಈ ಹುಡುಗನು ಉಳಿದನು.

ಇದನ್ನು ಕೇಳಿ ಕೆಲವರು, ಹಾಗಾದರೆ ವಿದ್ಯೆಯು ಮನುಷ್ಯನನ್ನು ಸಾಧುವನ್ನಾಗಿ ಮಾಡುತ್ತದೆ ಎನ್ನುವರು. ನಾನು ಅಷ್ಟು ದೂರ ಹೋಗಲಾರೆನು. ದೊಡ್ಡಮನೆಯವರ ಅನ್ನ ಉಂಡು ಬಡವರ ಮೇಲೆ ಕೈಮಾಡಿದ ಪೈಲವಾನರೂ ನಮ್ಮ ನಾಡಿನಲ್ಲಿ ಇದ್ದರು. ಅವರ ಕಾಲೂ ಗೆರೆಯ ಮೇಲೆ ಸರಿಯಾಗಿ ಬೀಳುತ್ತಿದ್ದಿರಬಹುದು. ಸಾಧನೆಯಿಂದ ಬರುವದು ಕೈಯ ಮೇಲಿನ ಒಡೆತನ. ಆ ಒಡೆಯನಿಗೆ ಮತ್ತೊಬ್ಬ ಒಡೆಯನು ಇದ್ದಾನೋ ಇಲ್ಲವೋ ಎಂಬದನ್ನು ಗರಡಿಯು ತೀರ್ಮಾನಿಸದು. ಆದರೆ ಒಡೆತನವೇ ಇಲ್ಲದ ಕೈಯನ್ನೂ ಸುವಾರ್ತೆಯಲ್ಲಿ ಕಾಣುತ್ತೇವೆ. ಗೆತ್ಸೇಮನೆ ತೋಟದ ರಾತ್ರಿಯಲ್ಲಿ ಕತ್ತಿ ಹಿರಿದ ಪೇತ್ರನು ಬೆಸ್ತನು. ಅವನ ಏಟು ಮಹಾಯಾಜಕನ ಆಳಿನ ಕಿವಿಯ ಮೇಲೆ ಬಿತ್ತು. ಹೆದರಿದವನ, ಕೋಪಗೊಂಡವನ, ಕಲಿಯದವನ ಏಟು ಅದು. ಕರ್ತನು ಕತ್ತಿಯನ್ನು ಒರೆಗೆ ಸೇರಿಸಹೇಳಿ ಆ ಕಿವಿಯನ್ನು ವಾಸಿಮಾಡಿದನು. ಕೈಯನ್ನು ನಿಲ್ಲಿಸುವ ಶಕ್ತಿ ಪೇತ್ರನಲ್ಲಿ ಆಗ ಇರಲಿಲ್ಲ. ಎಡಗೆನ್ನೆಯನ್ನು ತೋರಿಸಬೇಕಾದರೆ ಆ ಶಕ್ತಿ ಬೇಕು. ಹೊಡೆಯಲಾರದೆ ಸುಮ್ಮನಿರುವವನ ಸೌಮ್ಯತೆಗೂ ಹೊಡೆಯಬಲ್ಲವನಾಗಿ ಸುಮ್ಮನಿರುವವನ ಸೌಮ್ಯತೆಗೂ ವ್ಯತ್ಯಾಸವುಂಟು. ನಮ್ಮ ಕೇರಿಯ ಜನರು ತಲತಲಾಂತರವಾಗಿ ಮೊದಲನೆಯದನ್ನು ಮಾತ್ರ ಬಲ್ಲವರು; ಅದನ್ನೇ ಸದ್ಗುಣವೆಂದು ಹೊರಗಿನವರು ನಮಗೆ ಬೋಧಿಸಿದ್ದೂ ಉಂಟು. ಗೋಡೆಯ ಕಿಂಡಿಯಿಂದ ಕಲಿತ ಹುಡುಗನು ಆಮೇಲೆ ಜೀವಮಾನದಲ್ಲಿ ಯಾರನ್ನೂ ಹೊಡೆಯಲಿಲ್ಲವೆಂದರೆ ಅದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಹೊಡೆಯಲಿಲ್ಲವೇ ಎಂದು ಕೇಳಿದ್ದಕ್ಕೆ ಅವರು, "ಒಂದು ಸಾರಿ ಎತ್ತಿದೆ, ಅಯ್ಯನವರೇ. ಇಳಿಸಿದೆ," ಎಂದಷ್ಟೇ ಅಂದರು.

ವೃದ್ಧಾಪ್ಯದಲ್ಲಿ ಈ ಸಾಧನೆಯ ಸ್ವಭಾವವೇ ಬದಲಾಗುತ್ತದೆಂದು ನನ್ನ ತಿಳುವಳಿಕೆ. ಹದಿನೆಂಟರ ಹುಡುಗನು ಬಡಿಗೆ ಹಿಡಿಯುವಾಗ ಅವನ ಮನಸ್ಸಿನ ಮುಂದೆ ಒಬ್ಬ ಶತ್ರು ನಿಂತಿರುತ್ತಾನೆ. ಎಪ್ಪತ್ತರ ಮುದುಕನ ಮುಂದೆ ಯಾವ ಶತ್ರು? ಅವನೊಡನೆ ಜಗಳಕ್ಕೆ ಬರುವವರು ಯಾರು? ಎದುರಿಗೆ ಉಳಿಯುವದು ತನ್ನದೇ ಕಾಲು, ತನ್ನದೇ ಉಸಿರು, ಅಲ್ಲಿ ಇಲ್ಲಿ ಓಡುವ ತನ್ನದೇ ಮನಸ್ಸು. ಎಣಿಕೆಗೆ ಬೆಲೆಯಿಲ್ಲ, ನೋಟಕ್ಕೆ ಬೆಲೆ. ನೂರು ಸಾರಿ ಮರೆತು ಮಾಡುವದಕ್ಕಿಂತ ಹತ್ತು ಸಾರಿ ಎಚ್ಚರವಾಗಿ ಮಾಡುವದು ಹೆಚ್ಚೆಂದು ಅವರು ಹುಡುಗರಿಗೆ ಹೇಳುತ್ತಾರೆ. ಬಾಯಿಪಾಠವಾದ ಪ್ರಾರ್ಥನೆಯನ್ನು ಎತ್ತುಗಳು ಬಾವಿಯ ಸುತ್ತ ನಡೆದಂತೆ ಹೇಳಿ ಮುಗಿಸುವ ನಮಗೆ, ಅಂದರೆ ನನಗೆ, ಆ ಮಾತು ಚುಚ್ಚಿತು.

ಯಾಕೋಬನು ಯಬ್ಬೋಕ್ ಹೊಳೆಯ ದಡದಲ್ಲಿ ಬೆಳಗಾಗುವ ತನಕ ಹೋರಾಡಿದಾಗ ಅವನು ಯೌವನಸ್ಥನಲ್ಲ. ಹೆಂಡರು ಮಕ್ಕಳು ಮಂದೆಗಳುಳ್ಳ ನರೆಗೂದಲಿನ ಮನುಷ್ಯನು. ಯೌವನದಲ್ಲಿ ಅವನು ಗೆದ್ದದ್ದೆಲ್ಲಾ ಉಪಾಯದಿಂದ. ಹಿಡಿದದ್ದನ್ನು ಬಿಡದೆ ಇರುವದನ್ನು ಅವನು ಕಲಿತದ್ದು ಆ ವಯಸ್ಸಿನಲ್ಲಿ, ಆ ಕತ್ತಲಲ್ಲಿ, ತೊಡೆಯ ಕೀಲು ತಪ್ಪಿದ ಮೇಲೆ. ಆಶೀರ್ವಾದ ಹೊಂದಿ ಅಲ್ಲಿಂದ ಹೊರಟಾಗ ಅವನು ಕುಂಟುತ್ತಿದ್ದನೆಂದು ಶಾಸ್ತ್ರವು ಮರೆಮಾಚದೆ ತಿಳಿಸುತ್ತದೆ.

ಸಭೆಯ ಹಿರಿಯರ ಮುಂದೆ ಇದನ್ನೆಲ್ಲಾ ಅರಿಕೆಮಾಡಿದೆನು. ಹೆಚ್ಚಿನವರು ಮುತ್ಯಾ ತಮ್ಮ ಸಾಧನೆಯನ್ನು ನಡಿಸಲಿ ಅಂದರು. ಆಗ ಒಬ್ಬ ತಾಯಿ ಎದ್ದು ನಿಂತಳು. ಅವಳ ಮಗನು ಕೆಲವು ವರುಷಗಳ ಹಿಂದೆ ಒಂದು ಹೊಲದ ಜಗಳದಲ್ಲಿ ಬಡಿಗೆಯ ಏಟಿನಿಂದ ಬಿದ್ದವನು ಇಂದಿಗೂ ಸರಿಯಾಗಿ ಮಾತಾಡಲಾರನು. "ಮುತ್ಯಾ ದೇವರಂಥವರು, ಆದರ ನಸುಕಿನ್ಯಾಗ ಆ ಬಡಗಿ ಸಪ್ಪಳ ಕೇಳಿದ ಕೂಡಲೆ ನನ್ನ ಕೈ ನಡಗತಾವ," ಎಂದಳು. ನಾನು ಕೂಡಿಸಿಟ್ಟುಕೊಂಡು ಹೋಗಿದ್ದ ಯಾವ ಮಾತೂ ಅದಕ್ಕೆ ಉತ್ತರವಾಗಲಿಲ್ಲ. ಅವಳು ವಾದಕ್ಕೆ ನಿಂತವಳಲ್ಲ. ಕೂಟವು ಏನೂ ಗೊತ್ತುಮಾಡದೆ ಪ್ರಾರ್ಥನೆಯೊಡನೆ ಮುಗಿಯಿತು.

ಮುತ್ಯಾ ಆ ಕೂಟದಲ್ಲಿ ಇರಲಿಲ್ಲ. ಸಂಗತಿಯನ್ನು ಯಾರು ಹೇಳಿದರೋ ತಿಳಿಯದು. ಮರುದಿನವೇ ಅವರು ಬಡಿಗೆಯನ್ನೂ ಸುಣ್ಣದ ಡಬ್ಬಿಯನ್ನೂ ತೆಗೆದುಕೊಂಡು, ಸದ್ದು ಊರಿಗೆ ಮುಟ್ಟದ ಹಾಗೆ ಹಳ್ಳದ ಆಚೆಯ ತೊಗರಿಯ ಹೊಲದ ಬದುವಿಗೆ ಹೋದರು. ಹುಡುಗರೂ ಅಷ್ಟು ದೂರ ನಡೆದು ಹೋಗುತ್ತಾರಂತೆ. ಅಲ್ಲಿ ನೆಲ ಸಮವಾಗಿಲ್ಲ, ಕಾಲಿಡುವದನ್ನು ಮತ್ತೆ ಮೊದಲಿನಿಂದ ಕಲಿಯಬೇಕಾಗಿದೆ ಎಂದು ಅವರು ನನಗೆ ಹೇಳಿಕಳುಹಿಸಿದ್ದಾರೆ.